ಬೆಟ್ಟದಡಿಯ ಸಿಡಿತ ಗೌರಿಬಿದನೂರಿಗೆ ಕೇಳಿಸುತ್ತದೆ: ಅಣು ಪರೀಕ್ಷೆಯನ್ನು ಬಚ್ಚಿಡಲು ಆಗುತ್ತದೆಯೇ?

ಪ್ರಶ್ನೆ: ನಾನು ಶಿವಮೊಗ್ಗದವಳು. 2021ರ ಜನವರಿಯಲ್ಲಿ ಹುಣಸೋಡಿನಲ್ಲಿ ಸ್ಫೋಟ ಆದ ರಾತ್ರಿ ನಾವೆಲ್ಲ ಭೂಕಂಪವೆಂದೇ ತಿಳಿದು ಮನೆಯಿಂದ ಹೊರಗೆ ಓಡಿದ್ದೆವು. ನಮ್ಮ ಮಗ್ಗುಲಲ್ಲೇ ಆದದ್ದು ಏನೆಂದು ತಿಳಿಯಲು ನಮಗೆ ತುಂಬ ಹೊತ್ತು ಹಿಡಿಯಿತು. ಆದರೆ ಉತ್ತರ ಕೊರಿಯ ಯಾವುದೋ ಬೆಟ್ಟದ ಅಡಿಯಲ್ಲಿ ಅಣುಬಾಂಬ್ ಸಿಡಿಸಿದರೆ ಒಂದು ಗಂಟೆಯೊಳಗೆ ಟಿವಿಯಲ್ಲಿ ಸುದ್ದಿ ಬರುತ್ತದೆ. ಅದು ಹೇಗೆ? ಯಾರಿಗೂ ಗೊತ್ತಾಗದಂತೆ ಪರೀಕ್ಷೆ ಮಾಡಲು ನಿಜಕ್ಕೂ ಆಗುವುದಿಲ್ಲವೇ? ಗೊತ್ತಾದರೂ ತಡೆಯಲಾಗದ ಮೇಲೆ ಅಣು ಪರೀಕ್ಷೆಯನ್ನು ನಿಷೇಧಿಸುವ ಈ ಒಪ್ಪಂದ, ಈ ಖರ್ಚು ಯಾಕೆ? ಭಾರತ ಅದಕ್ಕೆ ಸಹಿ ಹಾಕಿಲ್ಲ ಯಾಕೆ?

ಉತ್ತರ: ನಿಮ್ಮ ಪ್ರಶ್ನೆ ಹುಣಸೋಡಿನಿಂದ ಶುರುವಾಗಿದ್ದು ಒಳ್ಳೆಯದಾಯಿತು. ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ಉತ್ತರದ ಅರ್ಧ ಭಾಗ ಆ ರಾತ್ರಿಯಲ್ಲೇ ಇದೆ.

ಜನವರಿ 21ರ ರಾತ್ರಿ ಹತ್ತೂಕಾಲರ ಸುಮಾರಿಗೆ ಕಲ್ಲುಕ್ವಾರಿಯ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿಯಿತು. ಶಿವಮೊಗ್ಗ ಮಾತ್ರವಲ್ಲ, ಚಿಕ್ಕಮಗಳೂರಿನ ಕಡೆಯೂ ಮನೆಗಳು ಅದುರಿದವು, ಕಿಟಕಿ ಗಾಜು ಒಡೆದವು, ಜನ ಬೀದಿಗೆ ಬಂದರು. ಆದರೆ ಭೂಕಂಪಮಾಪಕಗಳನ್ನು ನೋಡಿದವರು ಭೂಕಂಪ ಆಗಿಲ್ಲ ಎಂದೇ ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ನೀವು ಭ್ರಮೆಪಟ್ಟಿದ್ದೂ ಅಲ್ಲ. ಲಾರಿ ಇದ್ದದ್ದು ನೆಲದ ಮೇಲೆ. ಸಿಡಿತದ ಬಹುಪಾಲು ಶಕ್ತಿ ಗಾಳಿಗೆ ಹೋಯಿತು. ಆ ಗಾಳಿಯಲೆ ಗೋಡೆಗೆ ಗುದ್ದಿ, ಬಾಗಿಲು ಕಿಟಕಿ ನಡುಗಿಸಿ, ಒಳಗೆ ಕೂತವರಿಗೆ ನೆಲವೇ ನಡುಗಿದ ಹಾಗೆ ಮಾಡಿತು. ನೆಲದೊಳಕ್ಕೆ ಇಳಿದದ್ದು ಕಡಿಮೆ. ಅದೇ ಸ್ಫೋಟಕವನ್ನು ಬಂಡೆಯಲ್ಲಿ ಆಳವಾದ ಬಾವಿ ಕೊರೆದು, ಮೇಲೆ ಬಿಗಿಯಾಗಿ ಮುಚ್ಚಿ ಸಿಡಿಸಿದ್ದರೆ ಊರಿಗೆ ಸದ್ದು ಕಡಿಮೆ ಕೇಳುತ್ತಿತ್ತು, ಮಾಪಕಕ್ಕೆ ಹೆಚ್ಚು ಕೇಳುತ್ತಿತ್ತು.

ಗುಟ್ಟಾಗಿ ಅಣು ಪರೀಕ್ಷೆ ಮಾಡಬೇಕೆಂದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೇಲೆ ಸಿಡಿಸಿದರೆ ಬೆಳಕು, ಹೊಗೆ, ವಿಕಿರಣದ ಧೂಳು ಎಲ್ಲ ಹೊರಬೀಳುತ್ತದೆ. ಅದನ್ನೆಲ್ಲ ಮುಚ್ಚಲು ನೆಲದೊಳಗೆ ಹೋದರೆ, ನೆಲವೇ ಸುದ್ದಿಯನ್ನು ಹೊತ್ತೊಯ್ಯುತ್ತದೆ.

ಹೇಗೆ ಹೊತ್ತೊಯ್ಯುತ್ತದೆ ಎಂಬುದನ್ನು ಒಂದು ದಿನದ ಲೆಕ್ಕದಲ್ಲಿ ನೋಡೋಣ. 2017ರ ಸೆಪ್ಟೆಂಬರ್ 3, ಭಾನುವಾರ. ನಮ್ಮಲ್ಲಿ ಬೆಳಿಗ್ಗೆ ಸರಿಯಾಗಿ 9 ಗಂಟೆ. ಉತ್ತರ ಕೊರಿಯದ ಪುಂಗ್ಗ್ಯೆ-ರಿ ಎಂಬಲ್ಲಿ ಮಂಟಾಪ್ ಬೆಟ್ಟದ ಅಡಿಯ ಸುರಂಗದಲ್ಲಿ ಆ ದೇಶ ತನ್ನ ಆರನೆಯ ಬಾಂಬನ್ನು ಸಿಡಿಸಿತು. ಸುತ್ತಲಿನ ಬಂಡೆ ಒಂದೇ ಏಟಿಗೆ ಹೊರಕ್ಕೆ ತಳ್ಳಿಸಿಕೊಂಡಿತು. ಆ ತಳ್ಳು ಒಂದು ಪದರದಿಂದ ಇನ್ನೊಂದು ಪದರಕ್ಕೆ ದಾಟುತ್ತ ಭೂಮಿಯ ಒಡಲೊಳಗೆ ಇಳಿದು, ಬಾಗಿ, ಮತ್ತೆ ಮೇಲೆ ಬಂತು. ಅಲ್ಲಿಂದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿಗೆ ಸುಮಾರು 5,800 ಕಿಲೋಮೀಟರ್. ಅಲೆ ಅಷ್ಟು ದೂರ ಬರಲು ಹಿಡಿಯುವ ಕಾಲ ಒಂಬತ್ತು ನಿಮಿಷ ಚಿಲ್ಲರೆ. ಅಂದರೆ ಗೌರಿಬಿದನೂರಿನ ಹೋಟೆಲುಗಳಲ್ಲಿ ಜನ ಇಡ್ಲಿ ತಿನ್ನುತ್ತಿದ್ದ ಹೊತ್ತಿಗೆ, 9 ಗಂಟೆ 9 ನಿಮಿಷದ ಆಸುಪಾಸಿನಲ್ಲಿ, ಅವರ ಕಾಲ ಕೆಳಗಿನ ಬಂಡೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಕದಲಿತು. ಯಾವ ಮನುಷ್ಯನಿಗೂ ಅದು ತಿಳಿಯುವಂಥದ್ದಲ್ಲ. ಮಾಪಕಕ್ಕೆ ತಿಳಿಯುತ್ತದೆ.

ಗೌರಿಬಿದನೂರನ್ನೇ ನಾನು ಆರಿಸಿಕೊಂಡದ್ದು ಕನ್ನಡ ನಾಡಿನ ಊರೆಂಬ ಅಭಿಮಾನಕ್ಕಲ್ಲ. ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲೊಂದಿದೆ. 1960ರ ದಶಕದ ನಡುವಿನಲ್ಲಿ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ, ಇದೇ ಕೆಲಸಕ್ಕೆಂದು ಹಾಕಿದ್ದು: ದೂರದ ದೇಶಗಳ ನೆಲದಡಿಯ ಅಣುಸ್ಫೋಟಗಳನ್ನು ಕೇಳಿಸಿಕೊಳ್ಳುವುದು. ಅದೇ ಮಾದರಿಯವು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗಗಳಲ್ಲಿವೆ. ನಮ್ಮ ಭಾಗದ ಹಳೆಯ ಗಟ್ಟಿ ಶಿಲೆ ಇದಕ್ಕೆ ಹೇಳಿ ಮಾಡಿಸಿದಂಥದ್ದು. ಮೆತ್ತನೆಯ ಮೆಕ್ಕಲು ಮಣ್ಣು ಅಲೆಯನ್ನು ನುಂಗುತ್ತದೆ, ಗಟ್ಟಿ ಬಂಡೆ ಹಾಗೆಯೇ ದಾಟಿಸುತ್ತದೆ.

ಒಂದೇ ಮಾಪಕ ಸಾಲದೇ, ಸಾಲು ಯಾಕೆ ಬೇಕು? ಅಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಎರಡು ತೋಳುಗಳಿವೆ. ಒಂದೊಂದೂ ಇಪ್ಪತ್ತು ಕಿಲೋಮೀಟರಿಗೂ ಉದ್ದ, ಒಂದೊಂದರಲ್ಲೂ ಹತ್ತು ಮಾಪಕಗಳು. ನೆಲ ಯಾವಾಗಲೂ ಸುಮ್ಮನಿರುವುದಿಲ್ಲ. ಲಾರಿ ಹೋಗುತ್ತದೆ, ಬೋರ್‌ವೆಲ್ ಪಂಪು ಓಡುತ್ತದೆ, ಗಾಳಿ ಮರವನ್ನು ಅಲ್ಲಾಡಿಸಿ ಬೇರಿನ ಮೂಲಕ ನೆಲವನ್ನೂ ಅಲ್ಲಾಡಿಸುತ್ತದೆ. ಈ ಗದ್ದಲ ಒಂದೊಂದು ಮಾಪಕದಲ್ಲಿ ಒಂದೊಂದು ಥರ. ಆದರೆ ಸಾವಿರಾರು ಕಿಲೋಮೀಟರ್ ಆಚೆಯಿಂದ ಬಂದ ಅಲೆ ಇಪ್ಪತ್ತರಲ್ಲೂ ಒಂದೇ ಥರ, ಒಂದಾದ ಮೇಲೊಂದರಂತೆ ಬೀಳುತ್ತದೆ. ಯಾವುದಕ್ಕೆ ಮೊದಲು ಬಿತ್ತು, ಯಾವುದಕ್ಕೆ ಎಷ್ಟು ತಡವಾಗಿ ಬಿತ್ತು ಎಂದು ನೋಡಿ ಆ ತಡವನ್ನು ಸರಿಹೊಂದಿಸಿ ಇಪ್ಪತ್ತನ್ನೂ ಕೂಡಿಸಿದರೆ, ಸ್ಥಳೀಯ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ, ದೂರದ ದನಿ ಎದ್ದು ನಿಲ್ಲುತ್ತದೆ. ಅದು ಬಂದ ದಿಕ್ಕೂ ಸಿಗುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಕಿವಿಗೆ ಏನೂ ಕೇಳದಿದ್ದರೂ, ಸಾಲಾಗಿ ನಿಂತ ಇಪ್ಪತ್ತು ಜನ ತಾವು ಕೇಳಿದ್ದನ್ನು ಹೋಲಿಸಿ ನೋಡಿದರೆ ಕೂಗಿದವನು ಎಲ್ಲಿದ್ದಾನೆ ಎಂದು ಹೇಳಬಹುದಲ್ಲ, ಹಾಗೆ.

ಸರಿ, ನೆಲ ಕದಲಿದ್ದು ಗೊತ್ತಾಯಿತು. ಅದು ಬಾಂಬೋ ಭೂಕಂಪವೋ? ಜಗತ್ತಿನಲ್ಲಿ ಪ್ರಮಾಣ 4 ದಾಟುವ ಭೂಕಂಪಗಳೇ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಬಾಂಬ್ ಸಿಡಿಸುವವನು ಈ ಗುಂಪಿನಲ್ಲಿ ಕಳೆದುಹೋಗಬಹುದಲ್ಲವೇ?

ಕಳೆದುಹೋಗುವುದು ಕಷ್ಟ. ಭೂಕಂಪವೆಂದರೆ ಎರಡು ಬಂಡೆಗಳು ಒಂದರ ಮೈಗೆ ಒಂದು ಉಜ್ಜಿ ಜಾರುವುದು. ಎರಡೂ ಅಂಗೈ ಒತ್ತಿ ಹಿಡಿದು ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಸರ್ರನೆ ಜಾರಿಸಿ ನೋಡಿ. ಕೆಲವು ದಿಕ್ಕಿನಲ್ಲಿ ನೆಲ ತಳ್ಳಿಸಿಕೊಳ್ಳುತ್ತದೆ, ಕೆಲವು ದಿಕ್ಕಿನಲ್ಲಿ ಎಳೆಸಿಕೊಳ್ಳುತ್ತದೆ. ಸ್ಫೋಟ ಹಾಗಲ್ಲ. ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ. ಆದ್ದರಿಂದ ಸ್ಫೋಟದಲ್ಲಿ, ಭೂಮಿಯ ಯಾವ ಮೂಲೆಯ ಮಾಪಕದಲ್ಲಿ ನೋಡಿದರೂ ಅದು ಹಾಳೆಯ ಮೇಲೆ ಬರೆಯುವ ಗೆರೆಯ ಮೊದಲ ಚಲನೆ ಮೇಲಕ್ಕೇ. ಎರಡನೆಯದು: ಮೊದಲು ಬರುವ ತಳ್ಳುವ ಅಲೆಗೆ ನಾವು ಪಿ ಅಲೆ ಎನ್ನುತ್ತೇವೆ, ಅದರ ಹಿಂದೆ ಬರುವ ಅಡ್ಡಡ್ಡ ಓಲಾಡಿಸುವ ಅಲೆಗೆ ಎಸ್ ಅಲೆ ಎನ್ನುತ್ತೇವೆ. ಭೂಕಂಪದ ಹಾಳೆಯಲ್ಲಿ ಪಿ ಚಿಕ್ಕದಾಗಿ ಬಂದು, ಆಮೇಲೆ ಎಸ್ ದೊಡ್ಡದಾಗಿ ಉಬ್ಬಿ, ಕೊನೆಗೆ ನೆಲದ ಮೇಲ್ಪದರದಲ್ಲಿ ಓಡುವ ನಿಧಾನದ ಅಲೆಗಳು ಉದ್ದಕ್ಕೆ ತೂಗುತ್ತವೆ. ಸ್ಫೋಟದ ಹಾಳೆಯಲ್ಲಿ ಪಿ ಚೂಪಾಗಿ, ಗಟ್ಟಿಯಾಗಿ ಬಂದುಬಿಡುತ್ತದೆ. ಹಿಂದೆ ಬರುವುದೆಲ್ಲ ಸಪ್ಪೆ. ಇಪ್ಪತ್ತು ಹಾಳೆಗಳನ್ನು ಮುಂದಿಟ್ಟರೆ ಮೊದಲ ವರ್ಷದ ವಿದ್ಯಾರ್ಥಿಗಳೂ ಸಂಜೆಯ ಹೊತ್ತಿಗೆ ಇವೆರಡನ್ನು ಬೇರೆ ಮಾಡಲು ಕಲಿಯುತ್ತಾರೆ. ಮೂರನೆಯದು ಆಳ. ಭೂಕಂಪಗಳು ಹತ್ತು, ಮೂವತ್ತು, ನೂರು ಕಿಲೋಮೀಟರ್ ಆಳದಲ್ಲೂ ಆಗುತ್ತವೆ. ಬಾಂಬ್ ಇಡಲು ಅಷ್ಟು ಆಳ ಕೊರೆಯುವ ಯಂತ್ರ ಯಾರ ಬಳಿಯೂ ಇಲ್ಲ.

ಮಂಟಾಪ್ ಬೆಟ್ಟದ ಅಂದಿನ ಗೆರೆಗಳು ಇದನ್ನೆಲ್ಲ ಸಾರಿ ಹೇಳಿದವು. ಅಷ್ಟೇ ಅಲ್ಲ, ಎಂಟೂವರೆ ನಿಮಿಷದ ನಂತರ ಅದೇ ಜಾಗದಿಂದ ಇನ್ನೊಂದು, ಸಣ್ಣ ಕಂಪನ ಬಂತು. ಅದರ ಚಹರೆ ಬೇರೆ: ಹೊರಕ್ಕೆ ತಳ್ಳುವುದಲ್ಲ, ಒಳಕ್ಕೆ ಕುಸಿಯುವುದು. ಬಾಂಬ್ ಮಾಡಿದ ಟೊಳ್ಳಿನ ಮೇಲೆ ಬೆಟ್ಟ ಕೂತುಕೊಂಡಿತ್ತು. ಉಪಗ್ರಹದ ರೇಡಾರ್ ಚಿತ್ರಗಳನ್ನು ಹೋಲಿಸಿದವರಿಗೆ ಬೆಟ್ಟದ ಮೈ ಕೆಲವೆಡೆ ಮೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದದ್ದು ಕಂಡಿತು. 2006ರ ಅಕ್ಟೋಬರ್‌ನ ಮೊದಲ ಪರೀಕ್ಷೆಯ ಪ್ರಮಾಣ 4.1, ಈ ಆರನೆಯದರದ್ದು 6ಕ್ಕೂ ಮೇಲೆ. ಹಿರೋಶಿಮಾದ ಬಾಂಬ್ ಸುಮಾರು 15 ಕಿಲೋಟನ್ನಿನದು, ಅಂದರೆ 15 ಸಾವಿರ ಟನ್ ಮಾಮೂಲಿ ಸ್ಫೋಟಕದಷ್ಟು. ಮಂಟಾಪ್‌ನಲ್ಲಿ ಅಂದು ಸಿಡಿದದ್ದು ನೂರು ಕಿಲೋಟನ್ನಿಗೂ ಮಿಕ್ಕಿದ್ದು ಎಂಬುದು ಹೆಚ್ಚಿನ ತಜ್ಞರ ಅಂದಾಜು.

ಆದರೂ ಒಂದು ಅನುಮಾನ ಉಳಿಯುತ್ತದೆ. ಸಾವಿರಾರು ಟನ್ ಮಾಮೂಲಿ ಸ್ಫೋಟಕವನ್ನೇ ಪೇರಿಸಿಟ್ಟು ಸಿಡಿಸಿದರೂ ಗೆರೆ ಹೀಗೆಯೇ ಬರುತ್ತದಲ್ಲ? ಬರುತ್ತದೆ. ಅಣುವೇ ಒಡೆಯಿತು ಎನ್ನಲು ಬೇರೆ ಸಾಕ್ಷಿ ಬೇಕು. ಆ ಸಾಕ್ಷಿ ಕ್ಸೆನಾನ್ ಎಂಬ ಅನಿಲ. ಯುರೇನಿಯಂ, ಪ್ಲುಟೋನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಇದೂ ಒಂದು. ಇದಕ್ಕೆ ಯಾರ ಜೊತೆಗೂ ಸೇರುವ ಸ್ವಭಾವವಿಲ್ಲ. ಬಂಡೆಗೆ ಅಂಟುವುದಿಲ್ಲ, ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಮಳೆಗೆ ತೊಳೆದುಹೋಗುವುದಿಲ್ಲ. ಸುರಂಗವನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಬಿರುಕುಗಳಲ್ಲಿ ನುಸುಳಿ, ಗಾಳಿಯ ಒತ್ತಡ ಇಳಿದ ದಿನ ಮೇಲೆದ್ದು ಬರುತ್ತದೆ.

2013ರ ಫೆಬ್ರವರಿ 12ರಂದು ಉತ್ತರ ಕೊರಿಯ ಮೂರನೆಯ ಪರೀಕ್ಷೆ ಮಾಡಿತು. ಮಾಪಕಗಳು ಕೂಡಲೇ ಹೇಳಿದವು. ಆದರೆ ಗಾಳಿ ಏನೂ ಹೇಳಲಿಲ್ಲ, ವಾರಗಟ್ಟಲೆ. ಏಪ್ರಿಲ್ ಎರಡನೆಯ ವಾರ, ಪರೀಕ್ಷೆಯಾಗಿ 55 ದಿನಗಳ ಮೇಲೆ, ಸುಮಾರು ಸಾವಿರ ಕಿಲೋಮೀಟರ್ ದೂರದ ಜಪಾನಿನ ತಕಸಾಕಿ ಕೇಂದ್ರದಲ್ಲಿ ಗಾಳಿಯನ್ನು ಸೋಸುವ ಯಂತ್ರಕ್ಕೆ ಎರಡು ಬಗೆಯ ಕ್ಸೆನಾನ್ ಒಟ್ಟಿಗೆ ಸಿಕ್ಕಿತು. ಒಂದು ಐದು ದಿನಕ್ಕೊಮ್ಮೆ ಅರ್ಧವಾಗುವಂಥದ್ದು, ಇನ್ನೊಂದು ಹನ್ನೆರಡು ದಿನಕ್ಕೊಮ್ಮೆ. ಬೇರೆ ಬೇರೆ ವೇಗದಲ್ಲಿ ಎಣ್ಣೆ ಕುಡಿಯುವ ಎರಡು ದೀಪಗಳನ್ನು ಒಟ್ಟಿಗೆ ಹಚ್ಚಿಟ್ಟು ಹೋದರೆ, ಹಿಂತಿರುಗಿ ಬಂದವರು ಎರಡರಲ್ಲೂ ಉಳಿದ ಎಣ್ಣೆಯನ್ನು ನೋಡಿ ಯಾವಾಗ ಹಚ್ಚಿದ್ದು ಎಂದು ಲೆಕ್ಕ ಹಾಕಬಹುದು. ತಕಸಾಕಿಯ ಲೆಕ್ಕ ಐವತ್ತಕ್ಕೂ ಹೆಚ್ಚು ದಿನ ಹಿಂದಕ್ಕೆ ಹೋಯಿತು, ಫೆಬ್ರವರಿಯ ಪರೀಕ್ಷೆಗೆ ಹೊಂದಿಕೊಂಡಿತು. ನನ್ನ ಶಾಸ್ತ್ರದ ಹೊರಗಿನ ಕೆಲಸವಾದರೂ, ಇಷ್ಟು ಸೊಗಸಾದ ಪತ್ತೆದಾರಿಕೆಯನ್ನು ನಾನು ಕಂಡದ್ದು ಕಡಿಮೆ. ಇದಕ್ಕೆ ಒಂದು ತೊಡಕೂ ಇದೆ: ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗಿಗೆ ಬೇಕಾದ ವಿಕಿರಣ ಔಷಧಗಳನ್ನು ತಯಾರಿಸುವ ಘಟಕಗಳಿಂದಲೂ ಇದೇ ಕ್ಸೆನಾನ್ ಹೊರಬರುತ್ತದೆ. ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಕೆಲಸದ ಹೊಗೆಯನ್ನೂ ಬಾಂಬಿನ ಉಸಿರನ್ನೂ ಬೇರ್ಪಡಿಸಬೇಕು. 2009ರ ಎರಡನೆಯ ಪರೀಕ್ಷೆಯಲ್ಲಂತೂ ಎಲ್ಲೂ ಕ್ಸೆನಾನ್ ಸಿಗಲೇ ಇಲ್ಲ.

ಈ ಕೇಳಿಸಿಕೊಳ್ಳುವ ಜಾಲವನ್ನು ನಡೆಸುತ್ತಿರುವುದು ಆಸ್ಟ್ರಿಯದ ವಿಯೆನ್ನಾದಲ್ಲಿರುವ ಸಿಟಿಬಿಟಿ ಸಂಘಟನೆ. ಸಿಟಿಬಿಟಿ ಅಂದರೆ ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದ. ಯೋಜನೆಯಲ್ಲಿರುವುದು 321 ಕೇಂದ್ರ, 16 ಪ್ರಯೋಗಾಲಯ. ನೆಲಕ್ಕೆ ಕಿವಿಗೊಡುವವು 170, ಗಾಳಿಯ ಕಣ ಸೋಸುವವು 80, ಕಿವಿಗೆ ಕೇಳದಷ್ಟು ತಗ್ಗಿದ ಸದ್ದಿಗೆ ಗಾಳಿಯಲ್ಲಿ ಕಾದಿರುವವು 60, ಸಮುದ್ರದೊಳಗಿನ ಸದ್ದಿಗೆ ಕಾದಿರುವವು 11. ಬಹುಪಾಲು ಈಗಾಗಲೇ ಕೆಲಸ ಮಾಡುತ್ತಿವೆ. ಹುಣಸೋಡಿನಲ್ಲಿ ನಿಮ್ಮ ಕಿಟಕಿಯನ್ನು ಗುದ್ದಿದಂಥ ಗಾಳಿಯಲೆಗಳಿಗೇ ಆ 60 ಕೇಂದ್ರಗಳು ಕಾಯುವುದು. 2013ರಲ್ಲಿ ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿದಾಗ ಅದರ ಸದ್ದು ಅಂಟಾರ್ಕ್ಟಿಕದ ಕೇಂದ್ರಕ್ಕೂ ಮುಟ್ಟಿತ್ತು. ಹಿಂದೂ ಮಹಾಸಾಗರದಲ್ಲಿ ಬಾಂಬಿಗಾಗಿ ಕಾದಿದ್ದ ಕೇಳುಗ ಯಂತ್ರಗಳು ವರ್ಷಗಟ್ಟಲೆ ದಾಖಲಿಸಿದ ಹಾಡುಗಳಿಂದ ನೀಲಿ ತಿಮಿಂಗಿಲಗಳ ಅದುವರೆಗೆ ತಿಳಿಯದಿದ್ದ ಒಂದು ಗುಂಪು ಪತ್ತೆಯಾಯಿತು. ನಿಮ್ಮ ಖರ್ಚಿನ ಪ್ರಶ್ನೆಗೆ ಉತ್ತರ: ವರ್ಷಕ್ಕೆ ಸುಮಾರು 13 ಕೋಟಿ ಡಾಲರ್. ಒಂದೆರಡು ಯುದ್ಧವಿಮಾನದ ಬೆಲೆ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರುತ್ತೇನೆ. ಬರೀ ಕೇಳಿಸಿಕೊಂಡು ಏನು ಪ್ರಯೋಜನ?

ಮೊದಲು ಈ ಒಪ್ಪಂದಗಳು ಯಾಕೆ ಹುಟ್ಟಿದವು ಎಂದು ನೆನೆಯಬೇಕು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅವರು ಎಣಿಸಿದ್ದು ಐದಾರು ಮೆಗಾಟನ್, ಸಿಡಿದದ್ದು 15 (ಒಂದು ಮೆಗಾಟನ್ ಅಂದರೆ ಸಾವಿರ ಕಿಲೋಟನ್). ಅಪಾಯದ ವಲಯ ಎಂದು ಘೋಷಿಸಿದ್ದರ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ ಮೇಲೆ ಬೂದಿ ಸುರಿಯಿತು. ಹಡಗಿನಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ರೇಡಿಯೋ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಸುದ್ದಿಯ ಬೆನ್ನಿಗೇ, ಏಪ್ರಿಲ್ 2ರಂದು, ಲೋಕಸಭೆಯಲ್ಲಿ ಎದ್ದು ನಿಂತು ಅಣು ಪರೀಕ್ಷೆಗಳನ್ನು ನಿಲ್ಲಿಸೋಣ ಎಂದು ಕರೆಕೊಟ್ಟವರು ಜವಾಹರಲಾಲ್ ನೆಹರೂ. ಜಗತ್ತಿನಲ್ಲಿ ಒಂದು ಸರ್ಕಾರದ ಮುಖ್ಯಸ್ಥರ ಬಾಯಿಂದ ಈ ಮಾತು ಬಂದದ್ದು ಆಗಲೇ. ಈ ಇತಿಹಾಸ ನಮ್ಮ ಮಕ್ಕಳ ಪಾಠದಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು.

ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ 1958ರ ಕೊನೆಯಲ್ಲಿ ವೈದ್ಯರು, ವಿಜ್ಞಾನಿಗಳು, ತಾಯಂದಿರು ಸೇರಿ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೂಡಿಹಾಕಲು ಶುರುಮಾಡಿದರು. ನಮ್ಮಲ್ಲಿ ಮಕ್ಕಳು ಹಲ್ಲನ್ನು ಹೆಂಚಿನ ಮೇಲೆ ಎಸೆಯುತ್ತಾರೆ. ಅಲ್ಲಿಯ ಮಕ್ಕಳು ಲಕೋಟೆಗೆ ಹಾಕಿ ಕಳುಹಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಹಲ್ಲು ಬಂದವು. ಬಾಂಬಿನ ಧೂಳು ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿನ ಮೂಳೆಗೆ ಸೇರಿದೆಯೇ ಎಂಬುದು ಅವರ ಪ್ರಶ್ನೆ. ಸ್ಟ್ರಾಂಷಿಯಂ-90 ಎಂಬ ವಿಕಿರಣ ವಸ್ತು ಸುಣ್ಣದಂಶದ ವೇಷದಲ್ಲಿ ಹಲ್ಲಿನೊಳಗೆ ಕೂತಿತ್ತು. 1963ರಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಅದು 1950ರಲ್ಲಿ ಹುಟ್ಟಿದವರಿಗಿಂತ ಸುಮಾರು 50 ಪಟ್ಟು ಇತ್ತು. 1963ರ ಆಗಸ್ಟ್ 5ರಂದು ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮಾಸ್ಕೋದಲ್ಲಿ ಗಾಳಿ, ನೀರು, ಬಾಹ್ಯಾಕಾಶಗಳಲ್ಲಿ ಪರೀಕ್ಷೆ ನಿಷೇಧಿಸಿ ಸಹಿ ಹಾಕಿದವು. ಭಾರತವೂ ಸೇರಿತು.

ನೆಲದಡಿಯ ಪರೀಕ್ಷೆಯನ್ನು ಮಾತ್ರ ಬಿಟ್ಟುಬಿಟ್ಟರು. ಕಾರಣ, ಅದನ್ನು ಪತ್ತೆಹಚ್ಚಲು ಆಗುವುದಿಲ್ಲ ಎಂಬ ವಾದ. ಈ ವಾದದ ಹಿಂದೆ ಒಂದು ಕಥೆ ಇದೆ. 1957ರ ಸೆಪ್ಟೆಂಬರಿನಲ್ಲಿ ಅಮೆರಿಕ ನೆವಾಡಾದಲ್ಲಿ ಪೂರ್ತಿ ನೆಲದೊಳಗೇ ಅಡಗಿದ ಮೊದಲ ಪರೀಕ್ಷೆಯನ್ನು ಮಾಡಿತು, 1.7 ಕಿಲೋಟನ್ನಿನ ಸಣ್ಣ ಬಾಂಬ್, ರೇನಿಯರ್ ಎಂದು ಹೆಸರು. ಅದರ ಕಂಪನ 250 ಮೈಲಿಗಿಂತ ದೂರ ತಲುಪಲಿಲ್ಲ ಎಂದು ಅಲ್ಲಿನ ಅಣುಶಕ್ತಿ ಆಯೋಗ ಪ್ರಕಟಿಸಿತು. ಅಷ್ಟು ಹತ್ತಿರ ಮಾತ್ರ ಕೇಳುವುದಾದರೆ ಸೋವಿಯತ್ ನೆಲದ ತುಂಬ ಮಾಪಕ ನೆಡಬೇಕು, ಅದಕ್ಕೆ ಅವರು ಒಪ್ಪುವುದಿಲ್ಲ, ಹಾಗಾಗಿ ನಿಷೇಧವೇ ಅಸಾಧ್ಯ ಎಂಬ ತರ್ಕ. ಐ.ಎಫ್. ಸ್ಟೋನ್ ಎಂಬ ಪತ್ರಕರ್ತರು, ತಾವೊಬ್ಬರೇ ಒಂದು ಸಣ್ಣ ವಾರಪತ್ರಿಕೆ ನಡೆಸುತ್ತಿದ್ದವರು, ಭೂಕಂಪ ದಾಖಲಿಸುವ ಇಲಾಖೆಯವರನ್ನೇ ಕೇಳಿದರು. ಅಲಾಸ್ಕದಲ್ಲಿ, 2,300 ಮೈಲಿ ದೂರದಲ್ಲಿ ಅದು ದಾಖಲಾಗಿತ್ತು. ಆಯೋಗ ತನ್ನ ಪ್ರಕಟಣೆಯನ್ನು ತಿದ್ದಿಕೊಳ್ಳಬೇಕಾಯಿತು. ನಾನು ಪಾಠ ಮಾಡುವಾಗ ಈ ಕಥೆಯನ್ನು ಒಂದು ವರ್ಷವೂ ಬಿಟ್ಟವನಲ್ಲ. ಮಾಪಕದ ಗೆರೆ ಸರ್ಕಾರಗಳ ಮಾತನ್ನು ಅಳೆಯುವ ಕೋಲು ಕೂಡ.

ಕೇಳಿಸಿಕೊಳ್ಳುವುದರಿಂದ ತಡೆ ಹೇಗೆ ಆಗುತ್ತದೆ? ಹೊಸದಾಗಿ ಬಾಂಬ್ ಮಾಡಿದ ದೇಶಕ್ಕೆ ಅದು ಸಿಡಿಯುತ್ತದೆಂಬ ಭರವಸೆ ಬೇಕು. ಕ್ಷಿಪಣಿಯ ಮೂತಿಯಲ್ಲಿ ಕೂರುವಷ್ಟು ಚಿಕ್ಕದು ಮಾಡಬೇಕಾದರೆ, ಹೈಡ್ರೋಜನ್ ಬಾಂಬಿಗೆ ಏರಬೇಕಾದರೆ, ಪರೀಕ್ಷೆ ಮಾಡದೆ ಸೇನೆ ನಂಬುವುದಿಲ್ಲ. ಪರೀಕ್ಷೆ ಮಾಡಿದರೆ ಜಗತ್ತಿಗೆ ಗೊತ್ತಾಗುತ್ತದೆ, ದಿಗ್ಬಂಧನ ಬೀಳುತ್ತದೆ, ನೆರೆಯವರು ಎಚ್ಚೆತ್ತುಕೊಳ್ಳುತ್ತಾರೆ. ಆ ಭಯವೇ ಬೇಲಿ. 1945ರಿಂದ 1996ರವರೆಗೆ ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಣು ಪರೀಕ್ಷೆಗಳು ನಡೆದವು, ಸರಾಸರಿ ಒಂಬತ್ತು ದಿನಕ್ಕೊಂದರಂತೆ. ಈ ಶತಮಾನದಲ್ಲಿ ಆರು, ಆರೂ ಒಂದೇ ದೇಶದ್ದು. ಈ ಬೇಲಿ ಪೂರ್ತಿ ಭದ್ರವೆಂದು ನಾನು ಹೇಳುವುದಿಲ್ಲ. ಹಿರೋಶಿಮಾದ ಮೇಲೆ ಹಾಕಿದ ಬಾಂಬನ್ನು ಮೊದಲು ಎಲ್ಲೂ ಪರೀಕ್ಷಿಸಿರಲಿಲ್ಲ; ಅಷ್ಟು ಸರಳ ವಿನ್ಯಾಸ. ದಕ್ಷಿಣ ಆಫ್ರಿಕ ಆರು ಬಾಂಬ್ ಕಟ್ಟಿಟ್ಟುಕೊಂಡಿತ್ತು, ಆಮೇಲೆ ತಾನೇ ಬಿಚ್ಚಿಹಾಕಿ 1993ರಲ್ಲಿ ಜಗತ್ತಿಗೆ ತಿಳಿಸಿತು. ಆದರೆ ಅದೇ ದಕ್ಷಿಣ ಆಫ್ರಿಕ 1977ರಲ್ಲಿ ಕಲಹರಿ ಮರುಭೂಮಿಯಲ್ಲಿ ಪರೀಕ್ಷೆಗೆ ಬಾವಿ ತೋಡಿದ್ದನ್ನು ಸೋವಿಯತ್ ಉಪಗ್ರಹ ಕಂಡಿತು, ಅವರು ಅಮೆರಿಕಕ್ಕೆ ಹೇಳಿದರು, ಎಲ್ಲ ಕಡೆಯಿಂದ ಒತ್ತಡ ಬಂತು, ಪರೀಕ್ಷೆ ನಡೆಯಲಿಲ್ಲ. ಆಗ ಒಬ್ಬರನ್ನೊಬ್ಬರು ನಂಬದ ಎರಡು ದೇಶಗಳು ಈ ಒಂದು ವಿಷಯಕ್ಕೆ ಒಟ್ಟಾದವು.

ಕಣ್ಣನ್ನು ತಪ್ಪಿಸಬಹುದು ಎಂಬುದಕ್ಕೆ ನಾವೇ ಉದಾಹರಣೆ. 1995ರ ಡಿಸೆಂಬರಿನಲ್ಲಿ ಪೋಖ್ರಾನಿನ ಸಿದ್ಧತೆಗಳನ್ನು ಅಮೆರಿಕದ ಉಪಗ್ರಹಗಳು ಕಂಡವು, ದೆಹಲಿಯ ಮೇಲೆ ಒತ್ತಡ ಬಂದು ನರಸಿಂಹರಾವ್ ಸರ್ಕಾರ ಹಿಂದೆ ಸರಿಯಿತು. 1998ರಲ್ಲಿ ನಮ್ಮವರು ರಾತ್ರಿ ಹೊತ್ತು ಕೆಲಸ ಮಾಡಿ, ಉಪಗ್ರಹ ಹಾಯುವ ಸಮಯ ನೋಡಿಕೊಂಡು ಎಲ್ಲವನ್ನೂ ಮುಚ್ಚಿಟ್ಟರು. ಅಮೆರಿಕದ ಬೇಹುಗಾರರಿಗೆ ಸುಳಿವೇ ಸಿಗಲಿಲ್ಲ. ಆದರೆ ಮೇ 11ರ ಮಧ್ಯಾಹ್ನ 3.45ಕ್ಕೆ ಸಿಡಿದ ಕೂಡಲೇ ಜಗತ್ತಿನ ಮಾಪಕಗಳು ಹೇಳಿದವು. ಎಷ್ಟು ದೊಡ್ಡದು ಎಂಬ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ: ಹೈಡ್ರೋಜನ್ ಬಾಂಬ್ 45 ಕಿಲೋಟನ್ ಎಂದು ನಮ್ಮ ಅಣು ವಿಜ್ಞಾನಿಗಳು ಲೆಕ್ಕ ಕೊಟ್ಟರೆ, ಹೊರಗಿನವರ ಲೆಕ್ಕ ಅದಕ್ಕಿಂತ ತುಂಬ ಕಡಿಮೆ. ಪರೀಕ್ಷೆಯಲ್ಲಿ ಭಾಗಿಯಾಗಿದ್ದ ಕೆ. ಸಂತಾನಂ ಅವರೇ 2009ರಲ್ಲಿ ಅದು ಅಂದುಕೊಂಡಷ್ಟು ಸಿಡಿಯಲಿಲ್ಲ ಎಂದರು. ಅಣುಶಕ್ತಿ ಇಲಾಖೆ ಒಪ್ಪಲಿಲ್ಲ.

ಎರಡು ದಿನದ ಮೇಲೆ, ಮೇ 13ರಂದು, ಒಂದು ಕಿಲೋಟನ್ನಿಗಿಂತ ಕಡಿಮೆಯ ಇನ್ನೆರಡು ಸಿಡಿತಗಳನ್ನು ಮಾಡಿದ್ದಾಗಿ ಭಾರತ ಹೇಳಿತು. ಅವು ಹೊರದೇಶಗಳ ಯಾವ ಕೇಂದ್ರಕ್ಕೂ ಕೇಳಿಸಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದು: ಗಟ್ಟಿ ಬಂಡೆಯಲ್ಲಿ ಒಂದು ಕಿಲೋಟನ್ ಸಿಡಿಸಿ ತಪ್ಪಿಸಿಕೊಳ್ಳುವುದು ಇವತ್ತು ಹೆಚ್ಚುಕಡಿಮೆ ಅಸಾಧ್ಯ, ಅದಕ್ಕಿಂತ ತೀರ ಸಣ್ಣದು, ಮರಳು ತುಂಬಿದ ಜಾಗದಲ್ಲಿ ಆದದ್ದು, ತಪ್ಪಿಸಿಕೊಳ್ಳಬಹುದು. ಇನ್ನೊಂದು ಉಪಾಯವೂ ಇದೆ. ದೊಡ್ಡ ಟೊಳ್ಳಿನ ನಡುವೆ ಬಾಂಬ್ ತೂಗುಹಾಕಿ ಸಿಡಿಸಿದರೆ ಬಂಡೆಗೆ ಏಟು ಕಡಿಮೆ. ಅಮೆರಿಕದವರು ಮಿಸಿಸಿಪಿಯ ಉಪ್ಪಿನ ಪದರದಲ್ಲಿ 1964ರಲ್ಲಿ ಒಂದು ಬಾಂಬ್ ಸಿಡಿಸಿ, ಅದು ಮಾಡಿದ ಟೊಳ್ಳಿನಲ್ಲೇ 1966ರಲ್ಲಿ ಇನ್ನೊಂದು ಸಣ್ಣದನ್ನು ಸಿಡಿಸಿ ನೋಡಿದರು. ಕಂಪನ ಸುಮಾರು 70 ಪಟ್ಟು ಕುಗ್ಗಿತು. ಆದರೆ ಒಂದು ಕಿಲೋಟನ್ನಿಗೆ ಇದನ್ನು ಸರಿಯಾಗಿ ಮಾಡಲು ಹದಿನೈದು ಮಹಡಿಯ ಕಟ್ಟಡ ಒಳಗೆ ನಿಲ್ಲುವಷ್ಟು ದೊಡ್ಡ ಗೋಳವನ್ನು ನೆಲದೊಳಗೆ ಕೊರೆದು, ತೆಗೆದ ಉಪ್ಪನ್ನೆಲ್ಲ ಯಾರ ಕಣ್ಣಿಗೂ ಬೀಳದಂತೆ ಸಾಗಿಸಬೇಕು. ಮೊದಲ ಸಲ ಬಾಂಬ್ ಮಾಡುವ ದೇಶಕ್ಕೆ ಅದು ಸುಲಭದ ಮಾತಲ್ಲ.

ತಪ್ಪಿತಸ್ಥರನ್ನು ಹಿಡಿಯುವುದಷ್ಟೇ ಈ ಜಾಲದ ಕೆಲಸವಲ್ಲ, ನಿರ್ದೋಷಿಯನ್ನು ಉಳಿಸುವುದೂ ಹೌದು. 1997ರ ಆಗಸ್ಟ್ 16ರಂದು ರಷ್ಯಾದ ಹಳೆಯ ಪರೀಕ್ಷಾ ಸ್ಥಳ ನೊವಾಯ ಜೆಮ್ಲ್ಯದ ಕಡೆ ಒಂದು ಸಣ್ಣ ಕಂಪನ ಆಯಿತು. ವಾಷಿಂಗ್ಟನ್ನಿನಲ್ಲಿ ಕೆಲವರು ಇದು ಗುಪ್ತ ಪರೀಕ್ಷೆ ಎಂದು ಹೇಳತೊಡಗಿದರು. ಗೆರೆಗಳನ್ನು ಕೂತು ನೋಡಿದ ಭೂಕಂಪ ತಜ್ಞರು, ಅದು ಆದದ್ದು ಪರೀಕ್ಷಾ ಸ್ಥಳದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕಾರಾ ಸಮುದ್ರದ ತಳದಲ್ಲಿ, ಅದರ ಚಹರೆ ಭೂಕಂಪದ್ದು ಎಂದು ತೋರಿಸಿದರು. ಮಾಪಕ ಇಲ್ಲದಿದ್ದರೆ ಆ ಸುಳ್ಳು ಆರೋಪ ಎಲ್ಲಿಗೆ ಮುಟ್ಟುತ್ತಿತ್ತೋ!

ಇನ್ನು ಭಾರತ ಮತ್ತು ಸಹಿ. ಸಿಟಿಬಿಟಿಯನ್ನು ವಿಶ್ವಸಂಸ್ಥೆಯ ಮಹಾಸಭೆ 1996ರ ಸೆಪ್ಟೆಂಬರ್ 10ರಂದು 158 ಮತಗಳಿಂದ ಒಪ್ಪಿತು. ವಿರೋಧವಾಗಿ ಬಿದ್ದದ್ದು ಮೂರೇ ಮತ: ಭಾರತ, ಭೂತಾನ್, ಲಿಬಿಯ. ಅದಕ್ಕೂ ಮೊದಲು ಜಿನೀವಾದ ಮಾತುಕತೆಯಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಒಬ್ಬರೇ ಎದ್ದು ನಿಂತು, ಇಂಥ ಅಸಮಾನ ಒಪ್ಪಂದಕ್ಕೆ ಈಗಲೂ ಇಲ್ಲ, ಮುಂದೆಯೂ ಇಲ್ಲ ಎಂಬ ಅರ್ಥದಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ನಮ್ಮ ಆಕ್ಷೇಪಗಳಲ್ಲಿ ಹುರುಳಿತ್ತು. ಬಾಂಬ್ ಇರುವ ಐದು ದೇಶಗಳು ಅವನ್ನು ಯಾವಾಗ ಬಿಡುತ್ತವೆ ಎಂಬ ಗಡುವು ಅದರಲ್ಲಿ ಇರಲಿಲ್ಲ. ನೂರಾರು ಪರೀಕ್ಷೆ ಮಾಡಿ ಮುಗಿಸಿದವರಿಗೆ ಕಂಪ್ಯೂಟರಿನಲ್ಲಿ, ಪ್ರಯೋಗಾಲಯದಲ್ಲಿ ಮುಂದುವರಿಸುವ ದಾರಿ ತೆರೆದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೆಸರಿಸಿದ 44 ದೇಶಗಳೂ ಒಪ್ಪದೆ ಅದು ಜಾರಿಗೆ ಬರುವುದಿಲ್ಲ ಎಂಬ ಷರತ್ತು ಹಾಕಿ, ಬೇಡವೆಂದರೂ ಭಾರತವನ್ನು ಆ ಪಟ್ಟಿಯಲ್ಲಿ ಸೇರಿಸಿದರು. ಆ ಷರತ್ತು ಒಪ್ಪಂದದ ಕಾಲಿಗೇ ಕಟ್ಟಿದ ಕಲ್ಲಾಯಿತು. ಇವತ್ತಿಗೆ 187 ದೇಶಗಳು ಸಹಿ ಹಾಕಿವೆ, ಆದರೂ ಅದು ಜಾರಿಯಲ್ಲಿಲ್ಲ. ಅಮೆರಿಕ ಸಹಿ ಹಾಕಿತು, 1999ರಲ್ಲಿ ಅದರ ಸೆನೆಟ್ 51ಕ್ಕೆ 48 ಮತಗಳಿಂದ ತಿರಸ್ಕರಿಸಿತು. ಚೀನಾ ಸಹಿ ಹಾಕಿ ಅನುಮೋದಿಸದೆ ಕೂತಿದೆ. ರಷ್ಯಾ 2023ರ ನವೆಂಬರಿನಲ್ಲಿ ಅನುಮೋದನೆಯನ್ನೇ ಹಿಂದೆಗೆದುಕೊಂಡಿತು. ಭಾರತ, ಪಾಕಿಸ್ತಾನ, ಉತ್ತರ ಕೊರಿಯ ಸಹಿಯನ್ನೇ ಹಾಕಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷರು ಮತ್ತೆ ಪರೀಕ್ಷೆ ಶುರುಮಾಡುವ ಮಾತಾಡಿದಾಗ, ಸಿಡಿತವಿಲ್ಲದ ಪರೀಕ್ಷೆ ಎಂದು ಅವರದೇ ಇಂಧನ ಮಂತ್ರಿ ಆಮೇಲೆ ಹೇಳಿದರೂ, ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ದೊಡ್ಡವರು ಒಬ್ಬರು ಶುರುಮಾಡಿದರೆ ಉಳಿದವರು ಕಾಯುವುದಿಲ್ಲ.

ಒಪ್ಪಂದ ಜಾರಿಗೆ ಬಾರದಿರುವುದರಿಂದ ನಿಜವಾಗಿ ಕಳೆದುಕೊಂಡಿರುವುದು ಸ್ಥಳಕ್ಕೆ ಹೋಗಿ ನೋಡುವ ಹಕ್ಕನ್ನು. ಅನುಮಾನ ಬಂದರೆ ಸಾವಿರ ಚದರ ಕಿಲೋಮೀಟರ್ ಜಾಗವನ್ನು ಪರಿಶೀಲಕರು ಕಾಲ್ನಡಿಗೆಯಲ್ಲಿ, ಹೆಲಿಕಾಪ್ಟರಿನಲ್ಲಿ ಶೋಧಿಸಬಹುದೆಂದು ಅದರಲ್ಲಿ ಬರೆದಿದೆ. 2014ರಲ್ಲಿ ಜೋರ್ಡಾನಿನಲ್ಲಿ ಮೃತ ಸಮುದ್ರದ ಹತ್ತಿರ ಅದರ ತಾಲೀಮನ್ನೂ ಮಾಡಿದರು. ಪುಂಗ್ಗ್ಯೆ-ರಿಗೆ ಹೋಗಲು ಮಾತ್ರ ಕಾನೂನಿನ ಬಲವಿಲ್ಲ.

1998ರ ಸಿಡಿತಗಳ ನಂತರ ವಾಜಪೇಯಿ ಸರ್ಕಾರ ಇನ್ನು ಪರೀಕ್ಷೆ ಮಾಡುವುದಿಲ್ಲ ಎಂದು ತಾನಾಗಿ ಘೋಷಿಸಿತು. 2008ರ ಸೆಪ್ಟೆಂಬರಿನಲ್ಲಿ, ಅಣು ಇಂಧನ, ತಂತ್ರಜ್ಞಾನ ಮಾರುವ ಅಣು ಪೂರೈಕೆದಾರ ದೇಶಗಳ ಗುಂಪು ಅವನ್ನು ಕೊಳ್ಳಲು ನಮಗೆ ವಿನಾಯಿತಿ ಕೊಡುವ ಮುನ್ನ, ಪ್ರಣಬ್ ಮುಖರ್ಜಿ ಅದನ್ನೇ ಮತ್ತೆ ಹೇಳಿದರು. ಆ ಗುಂಪು ಹುಟ್ಟಿದ್ದೇ 1974ರ ನಮ್ಮ ಪೋಖ್ರಾನ್ ಸಿಡಿತದ ಬೆನ್ನಲ್ಲಿ, ಮತ್ತು ಆ ಸಿಡಿತದ ಮುಂದಾಳು ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1998ರಿಂದ ಇಂದಿಗೆ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಭಾರತ ಕೊಟ್ಟ ಮಾತಿಗೆ ತಪ್ಪಿಲ್ಲ. ಸಹಿ ಹಾಕದೆಯೂ ಒಪ್ಪಂದದ ಮೂಲ ಕಟ್ಟಳೆಯನ್ನು ಪಾಲಿಸುತ್ತಿರುವ ದೇಶ ನಮ್ಮದು.

ಹಾಗಿದ್ದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಚೀನಾ, ಪಾಕಿಸ್ತಾನಗಳನ್ನು ಪಕ್ಕದಲ್ಲಿಟ್ಟುಕೊಂಡು ಸಹಿಯ ಪ್ರಶ್ನೆಯನ್ನು ದೆಹಲಿ ತನ್ನ ಹೊತ್ತು ನೋಡಿ ತೀರ್ಮಾನಿಸಲಿ, ಅದರಲ್ಲಿ ನಾನು ಅವಸರ ಮಾಡುವುದಿಲ್ಲ. ಆದರೆ ವಾರಮುಂಗ, ಯೆಲ್ಲೋನೈಫ್‌ಗಳು ಇವತ್ತು ವಿಯೆನ್ನಾದ ಜಾಲದ ಮುಖ್ಯ ಕಿವಿಗಳು. 2006ರಲ್ಲಿ ಉತ್ತರ ಕೊರಿಯದ ಮೊದಲ ಬಾಂಬಿನ ಕ್ಸೆನಾನ್ ಎರಡು ವಾರದ ಮೇಲೆ ಸಿಕ್ಕಿದ್ದು ಅದೇ ಯೆಲ್ಲೋನೈಫಿನಲ್ಲಿ. ಅವುಗಳ ಜೊತೆಗೇ ಹುಟ್ಟಿದ ಗೌರಿಬಿದನೂರು ಆ ಜಾಲದ ಹೊರಗಿದೆ. ಸಹಿ ಬೇರೆ, ಗೆರೆ ಹಂಚಿಕೊಳ್ಳುವುದು ಬೇರೆ. ನಮ್ಮ ಬಂಡೆಗೆ ಕೇಳಿಸಿದ್ದನ್ನು ವಿಯೆನ್ನಾಕ್ಕೂ ಕೇಳಿಸಿದರೆ ನಮ್ಮ ಬಾಂಬಿಗೆ ಏನೂ ಕುಂದಿಲ್ಲ, ಮತ್ತು ಚೀನಾದ ಪರೀಕ್ಷಾ ಸ್ಥಳ ಲೋಪ್ ನೂರ್ ಕಡೆ ಏನಾದರೂ ಅಲುಗಿದರೆ ಜಗತ್ತಿನ ಮುಂದೆ ಇಡಲು ನಮ್ಮದೇ ಸಾಕ್ಷಿ ಇರುತ್ತದೆ. 1954ರಲ್ಲಿ ಮೊದಲು ದನಿಯೆತ್ತಿದ ದೇಶದ ಮಾಪಕಗಳು ಆ ಮೇಜಿನ ಮೇಲೆ ಇರಬೇಕು ಎಂದು ನಾನು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.